ಎಸ್11 ಗೆರೆಗೆ ಅಂಕ ಕೊಡುವ ಮುನ್ನ

ಎಂಜಿನಿಯರಿಂಗ್ ಕಾಲೇಜುಗಳ ಪ್ರಾಜೆಕ್ಟ್ ಮೌಲ್ಯಮಾಪಕರಿಗೆ,

ಅಲ್ಟ್ರಾ ವೈಡ್‌ಬ್ಯಾಂಡ್ ಆಂಟೆನಾದ ವರದಿ ಕೈಗೆ ಬಂದಾಗ ನೀವು ಮೊದಲು ತೆರೆಯುವ ಪುಟ ಯಾವುದೆಂದು ವಿದ್ಯಾರ್ಥಿಗಳಿಗೆ ಗೊತ್ತು. 3.1ರಿಂದ 10.6 ಗಿಗಾಹರ್ಟ್ಸ್‌ವರೆಗೆ ಎಸ್11 ಗೆರೆ ಮೈನಸ್ 10 ಡೆಸಿಬೆಲ್‌ಗಿಂತ ಕೆಳಗಿದ್ದರೆ ಪ್ರಾಜೆಕ್ಟ್ ಗೆದ್ದಂತೆ. ಆದರೆ ಕೊಟ್ಟ ಶಕ್ತಿಯಲ್ಲಿ ಹತ್ತನೇ ಒಂದು ಪಾಲಿಗಿಂತ ಹೆಚ್ಚು ವಾಪಸ್ ಬರಲಿಲ್ಲ ಎಂಬುದಷ್ಟೇ ಆ ಗೆರೆಯ ಸಾಕ್ಷ್ಯ. ಉಳಿದದ್ದು ಎಲ್ಲಿ ಹೋಯಿತು? ಆಂಟೆನಾ ಕಿತ್ತು ಅಲ್ಲೊಂದು ಒಳ್ಳೆಯ 50 ಓಮ್ ಲೋಡ್ ಸಿಕ್ಕಿಸಿ ನೋಡಿ. ಗೆರೆ ಇನ್ನೂ ಕೆಳಗಿಳಿಯುತ್ತದೆ, ಅಲೆ ಮಾತ್ರ ಹೊರಡುವುದಿಲ್ಲ. ಅಗ್ಗದ ಎಫ್‌ಆರ್4 ಬೋರ್ಡ್ ಕೂಡ ಮೇಲಿನ ಆವರ್ತನಗಳಲ್ಲಿ ಶಕ್ತಿಯನ್ನು ಶಾಖವಾಗಿ ನುಂಗಿ ಗ್ರಾಫನ್ನು ಅಂದಗಾಣಿಸುತ್ತದೆ.

ಚಪ್ಪಟೆ ಡೈಪೋಲನ್ನೇ ತೆಗೆದುಕೊಳ್ಳಿ. ತೋಳುಗಳನ್ನು ಅಗಲ ಮಾಡಿದರೆ ಬ್ಯಾಂಡ್ ಹಿಗ್ಗುತ್ತದೆ ಎಂಬುದು ಹಳೆಯ ತಿಳಿವಳಿಕೆ. ಆಲಿವರ್ ಲಾಡ್ಜ್ ಅವರ 1898ರ ಪೇಟೆಂಟ್‌ನಲ್ಲೇ ತ್ರಿಕೋನದ ಲೋಹದ ತಗಡುಗಳಿವೆ. ಆಂಟೆನಾ ತಜ್ಞ ಹ್ಯಾನ್ಸ್ ಶಾಂಟ್ಸ್ ಅವುಗಳ ಜಾಗಕ್ಕೆ ಅಂಡಾಕಾರದ ಚಪ್ಪಟೆ ತೋಳುಗಳನ್ನು ತಂದರು. ಫೀಡ್ ಇರುವ ಸಂದಿನಿಂದ ಆಚೆಗೆ ತಾಮ್ರ ನಯವಾಗಿ ಬಾಗುತ್ತ ಹೋಗುವುದರಿಂದ ಅಲೆಗೆ ಎಲ್ಲೂ ಥಟ್ಟನೆ ತಡೆ ಸಿಗುವುದಿಲ್ಲ. ಹೀಗಿದ್ದೂ ಒಂದು ತೊಡಕು ಉಳಿಯುತ್ತದೆ. 3.1 ಗಿಗಾಹರ್ಟ್ಸ್‌ನಲ್ಲಿ ಅರ್ಧ ತರಂಗಾಂತರ ಸುಮಾರು 48 ಮಿಲಿಮೀಟರ್, 10.6ರಲ್ಲಿ ಪೂರ್ಣ ತರಂಗಾಂತರವೇ 28. ಕೆಳಗಿನ ತುದಿಗೆ ಹೊಂದಿಸಿದ ಆಂಟೆನಾ ಮೇಲಿನ ತುದಿಯಲ್ಲಿ ಒಂದು ತರಂಗಾಂತರಕ್ಕಿಂತ ಉದ್ದವಾಗಿ, ಪ್ರಸರಣ ಬೇರೆ ಬೇರೆ ದಿಕ್ಕುಗಳಿಗೆ ಒಡೆಯತೊಡಗುತ್ತದೆ. ಎಸ್11 ಗೆರೆಯಲ್ಲಿ ಇದರ ಸುಳಿವೇ ಇರುವುದಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಕಾಲದ ಲೆಕ್ಕ. ಅಮೆರಿಕದ ಎಫ್‌ಸಿಸಿ 2002ರಲ್ಲಿ ಈ ಬ್ಯಾಂಡನ್ನು ತೆರೆದಾಗ ಮೆಗಾಹರ್ಟ್ಸ್‌ಗೆ ಮೈನಸ್ 41.3 ಡಿಬಿಎಂ ಮಿತಿ ಹಾಕಿತು. ಇಡೀ ಬ್ಯಾಂಡ್ ತುಂಬಿಸಿದರೂ ಒಟ್ಟು ಅರ್ಧ ಮಿಲಿವ್ಯಾಟ್‌ಗಿಂತ ತುಸು ಹೆಚ್ಚು, ಅಷ್ಟೇ. ಇಷ್ಟು ಅಲ್ಪ ಶಕ್ತಿಯಲ್ಲೇ ಇಂದು ಫೋನ್‌ಗಳೂ ಕಾರಿನ ಡಿಜಿಟಲ್ ಕೀಗಳೂ ಪಲ್ಸ್ ಬಂದು ತಲುಪುವ ಸಮಯದಿಂದ ದೂರ ಅಳೆಯುತ್ತವೆ. ಒಂದು ನ್ಯಾನೊಸೆಕೆಂಡಿನಲ್ಲಿ ಅಲೆ ಸಾಗುವುದು 30 ಸೆಂಟಿಮೀಟರ್. ಪಲ್ಸ್ ಕದಡಿದರೆ ಅದು ಯಾವ ಗಳಿಗೆಯಲ್ಲಿ ಬಂತೆಂದು ಹೇಳುವುದೇ ಕಷ್ಟ. ಲಾಗ್-ಪೀರಿಯಾಡಿಕ್ ಆಂಟೆನಾವನ್ನೇ ನೋಡಿ: ಹೆಚ್ಚಿನ ಆವರ್ತನ ಅದರ ಚಿಕ್ಕ ತುದಿಯಿಂದ, ಕಡಿಮೆಯದು ದೊಡ್ಡ ತುದಿಯಿಂದ ಹೊರಡುತ್ತದೆ. ಬ್ಯಾಂಡ್ ಎಷ್ಟು ಬೇಕಾದರೂ ಸಿಗುತ್ತದೆ, ಆದರೆ ಪಲ್ಸ್ ಉದ್ದಕ್ಕೆ ಎಳೆದುಕೊಳ್ಳುತ್ತದೆ. ಚಪ್ಪಟೆ ಡೈಪೋಲ್‌ನ ನಿಜವಾದ ಹಿರಿಮೆ ಇರುವುದೇ ಇಲ್ಲಿ. ಚಿಕ್ಕದಾಗಿರುವ ಅದು ಪಲ್ಸನ್ನು ಹೆಚ್ಚು ಕೆಡಿಸದೆ ಕಳಿಸಬಲ್ಲದು. ಆ ಗುಣವನ್ನು ಅಳೆಯದೆ ವರದಿ ಮುಗಿಸುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಎಸ್11 ಗೆರೆ ಹೇಳದ ಇನ್ನೊಂದು ವಿಷಯವನ್ನೂ ವೈವಾದಲ್ಲಿ ಕೇಳಿ: ಬ್ಯಾಲನ್ ಎಲ್ಲಿದೆ? ಡೈಪೋಲ್‌ನ ಎರಡೂ ತೋಳು ಸಮ, ಕೋಆಕ್ಸಿಯಲ್ ಕೇಬಲ್ ಹಾಗಲ್ಲ. ನಡುವೆ ಬ್ಯಾಲನ್ ಇಲ್ಲದಿದ್ದರೆ ಕೇಬಲ್‌ನ ಹೊರಮೈಯಲ್ಲೂ ಕರೆಂಟ್ ಹರಿದು, ಕೇಬಲ್ಲೇ ಆಂಟೆನಾದ ಭಾಗವಾಗುತ್ತದೆ. ಅಳತೆ ನಡೆಯುವಾಗ ವಿದ್ಯಾರ್ಥಿ ಕೇಬಲ್ ಹಿಡಿದುಕೊಳ್ಳಲಿ, ಗೆರೆ ಅಲುಗಿದರೆ ವಿಷಯ ಬಯಲಾಗುತ್ತದೆ.

ಪಲ್ಸ್ ಎಷ್ಟು ಕೆಡುತ್ತದೆಂದು ತಿಳಿಯಲು ಒಂದೇ ತೆರನ ಎರಡು ಆಂಟೆನಾಗಳನ್ನು ಎದುರುಬದುರು ಇರಿಸಿ ಎಸ್21 ಮತ್ತು ಗ್ರೂಪ್ ಡಿಲೇ ಅಳೆಯಲು ಹೇಳಿ. ಕೋನ ಬದಲಿಸಿಯೂ ಅಳೆಯಲಿ. ಆನೆಕೋಯಿಕ್ ಕೊಠಡಿ ಇಲ್ಲವೆಂಬ ನೆಪ ಬೇಡ. ಬ್ಯಾಂಡ್ ಇಷ್ಟು ಅಗಲವಿರುವುದರಿಂದ ಗೋಡೆಯಿಂದ ಮರಳುವ ಅಲೆ ತಡವಾಗಿ, ಬೇರೆಯಾಗಿಯೇ ಕಾಣಿಸುತ್ತದೆ. ಟೈಮ್ ಗೇಟಿಂಗ್ ಮಾಡಿ ಅದನ್ನು ತೆಗೆದುಹಾಕಬಹುದು.

ಈ ಅಳತೆಯಲ್ಲಿ ಆಂಟೆನಾ ಸೋತು, ಸೋತದ್ದೇಕೆಂದು ವಿದ್ಯಾರ್ಥಿ ಸರಿಯಾಗಿ ವಿವರಿಸಿದ್ದರೆ, ದಯವಿಟ್ಟು ಆ ಅಧ್ಯಾಯಕ್ಕೆ ಪೂರ್ತಿ ಅಂಕ ಕೊಡಿ.

ಇಂತಿ,
ಆಂಟೆನಾ ಅಳೆಯುವ ಕೆಲಸದಲ್ಲಿರುವ ನಿಮ್ಮೊಬ್ಬ ಸಹೋದ್ಯೋಗಿ