ಆಟೋ-ಖಂಡನ ಪ್ರಕರಣ

ಹೊಸದಾಗಿ ಡಿಎಸ್‌ಎಲ್‌ಆರ್ ಕೊಂಡು ಮದುವೆ ವಿಡಿಯೋಗೆ ಹೊರಟ ಸಾಧಕನನ್ನು ಕಾಡುವ ತಾಪಗಳು ಮೂರು: ಮುಖ ಕಪ್ಪಾಗುವುದು, ಫೋಕಸ್ ಜಾರುವುದು, ಮಾತು ಕೇಳಿಸದಿರುವುದು. ಇನ್ನೊಂದು ಲೆನ್ಸ್ ಕೊಂಡರೆ ಮೂರೂ ಶಮನವಾಗುತ್ತವೆ ಎಂಬುದು ಅಂಗಡಿಯವರ ದರ್ಶನ. ಪ್ರಸ್ತುತ ಪ್ರಬಂಧದ ಸಿದ್ಧಾಂತವೇ ಬೇರೆ. ಮೂರಕ್ಕೂ ಮೂಲ ಕ್ಯಾಮೆರಾದ ಆಟೋ. ಡಯಲನ್ನು ‘ಎಂ’ಗೆ, ಅಂದರೆ ಮ್ಯಾನುಯಲ್‌ಗೆ, ತಿರುಗಿಸದ ಹೊರತು ಬಿಡುಗಡೆಯಿಲ್ಲ.

ಪ್ರತ್ಯಕ್ಷ ಪ್ರಮಾಣಕ್ಕೆ ಧಾರೆಯ ಹೊತ್ತು ಸಾಕು. ವಧುವಿನ ಧಾರೆ ಸೀರೆಯ ಬಿಳುಪು ಹೆಚ್ಚಾಯಿತೆಂದು ಆಟೋ ಬೆಳಕು ತಗ್ಗಿಸುತ್ತದೆ. ಮುಖ ಕಪ್ಪಾಗುತ್ತದೆ, ಬೈಗುಳ ಬ್ಯೂಟಿಷಿಯನ್‌ಗೆ. ಅಕ್ಷತೆ ಹಾರಿದೊಡನೆ ಫೋಕಸ್ ವರನನ್ನು ಬಿಟ್ಟು ಅಕ್ಕಿಕಾಳಿನ ಹಿಂದೆ ಹೋಗುತ್ತದೆ. ಪುರೋಹಿತರು ‘ಗಟ್ಟಿಮೇಳ’ ಎಂದು ಕೂಗಿ ವಾಲಗ ಮೊಳಗಿದಾಗ ಆಡಿಯೋದ ಆಟೋ ಗಾಬರಿಬಿದ್ದು ದನಿ ಅದುಮುತ್ತದೆ. ವಾಲಗ ನಿಂತ ಮೇಲೆ ಮತ್ತೆ ಏರಿಸಿ, ಫ್ಯಾನಿನ ಗರಗರ ಸದ್ದಿನ ಜತೆ ಎರಡನೇ ಸಾಲಿನಲ್ಲಿ ಒಡವೆಯ ತೂಕ ಕುರಿತು ನಡೆದ ಚರ್ಚೆಯನ್ನೂ ದಾಖಲಿಸುತ್ತದೆ. (ಸಮಾಜಶಾಸ್ತ್ರಕ್ಕೆ ಇದರಿಂದಾಗುವ ಲಾಭ ಪ್ರತ್ಯೇಕ ಸಂಶೋಧನೆಯ ವಿಷಯ.) ಇತಿಹಾಸವೂ ನಮ್ಮ ಪರ. ವಿಡಿಯೋ ತೆಗೆದ ಮೊದಲ ಡಿಎಸ್‌ಎಲ್‌ಆರ್ ನಿಕಾನ್ ಡಿ90 ಬಂದದ್ದು 2008ರಲ್ಲಿ. ಅದೇ ವರ್ಷ ಬಂದ ಕ್ಯಾನನ್ 5ಡಿ ಮಾರ್ಕ್ 2ರ ವಿಡಿಯೋದಲ್ಲಿ ಎಕ್ಸ್‌ಪೋಷರ್ ಆಟೋ ಮಾತ್ರ. ಬಳಸುವವರು ಗೋಗರೆದ ಮೇಲೆ 2009ರ ಫರ್ಮ್‌ವೇರ್‌ನಲ್ಲಿ ಮ್ಯಾನುಯಲ್ ದಯಪಾಲಿಸಲಾಯಿತು. 2010ರಲ್ಲಿ ಅಮೆರಿಕದ ‘ಹೌಸ್’ ಧಾರಾವಾಹಿಯ ಒಂದು ಸೀಸನ್ನಿನ ಕೊನೆಯ ಕಂತನ್ನು ಅದೇ ಕ್ಯಾಮೆರಾದಲ್ಲಿ ತೆಗೆದರು. ಮೊದಲು ಬಂದದ್ದೇ ಕಾರಣವೆನ್ನುವುದು ತರ್ಕದೋಷವಲ್ಲವೇ ಎಂದರೆ, ಎಷ್ಟೋ ಪಿಎಚ್‌ಡಿಗಳು ಅದರ ಮೇಲೇ ನಿಂತಿವೆ.

ಪೂರ್ವಪಕ್ಷ: ‘ಎಂ’ನಲ್ಲಿ ಏನಿಡಬೇಕೆಂದು ಹೊಸಬನಿಗೆ ಗೊತ್ತಿಲ್ಲ. ಉತ್ತರ: ಅರ್ಧವನ್ನು ಕರೆಂಟಿನವರೇ ನಿರ್ಧರಿಸಿದ್ದಾರೆ. ನಮ್ಮದು 50 ಹರ್ಟ್ಸ್. ಹಳೆಯ ಚೋಕಿನ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟರೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡೆರಡು ಮಿನುಗು. 1/60 ಇಟ್ಟವನ ಮಂಟಪದಲ್ಲಿ ಪಟ್ಟೆಗಳು ತೇಲುತ್ತವೆ. ವೈಟ್ ಬ್ಯಾಲೆನ್ಸ್ ಒಮ್ಮೆ ಇಟ್ಟು ಮರೆಯಬೇಕು. ಫೋಕಸನ್ನು ಲೈವ್ ವ್ಯೂನಲ್ಲಿ ಹಿಗ್ಗಿಸಿ ಕಣ್ಣಿನ ಮೇಲೆ ನಿಲ್ಲಿಸಬೇಕು. ಅಪರ್ಚರ್ ಎಫ್/1.8ರ ಮೋಹ ಕೆಟ್ಟದ್ದು: ಹತ್ತಿರ ಹೋದರೆ ಮೂಗುತಿ ಸ್ಪಷ್ಟ, ಪಕ್ಕದ ಗಂಡ ಮಸುಕು. 5.6ಕ್ಕೆ ಇಳಿಸಿದರೆ ಬೀಗರೂ ಕಾಣುತ್ತಾರೆ. ಮುಂದೆ ವ್ಯಾಜ್ಯವಾದರೆ ಸಾಕ್ಷಿಗೂ ಆದೀತು.

ಈಗಿನ ಕ್ಯಾಮೆರಾಗಳು ಮುಖ ಗುರುತಿಸುತ್ತವಲ್ಲ ಎಂಬುದು ಎರಡನೆಯ ಆಕ್ಷೇಪ. ಗುರುತಿಸುತ್ತವೆ ನಿಜ, ಆದರೆ ನೆಂಟಸ್ತಿಕೆ ತಿಳಿಯದು. ಅಡ್ಡ ಬಂದ ಅಡುಗೆ ಕಂಟ್ರಾಕ್ಟರನ್ನೇ ವರನೆಂದು ಹಿಡಿದುಕೊಂಡರೆ ಮಾಡುವುದೇನು? ‘ಎಂ’ಗೂ ಮಣಿಯದ್ದು ಒಂದೇ. 30 ನಿಮಿಷ ರೆಕಾರ್ಡ್ ಮಾಡುವುದನ್ನು ವಿಡಿಯೋ ಕ್ಯಾಮೆರಾ ಎಂದು ಎಣಿಸಿ ಐರೋಪ್ಯ ಒಕ್ಕೂಟ ಹೆಚ್ಚು ಸುಂಕ ಹಾಕುತ್ತಿತ್ತಾಗಿ, ಎಷ್ಟೋ ಡಿಎಸ್‌ಎಲ್‌ಆರ್‌ಗಳು 29 ನಿಮಿಷ 59 ಸೆಕೆಂಡಿಗೆ ತಾವಾಗಿ ನಿಲ್ಲುತ್ತವೆ. ಆದ್ದರಿಂದ ದಾವಣಗೆರೆಯ ಛತ್ರದಲ್ಲಿ ತಾಳಿ ಕಟ್ಟುವ ಮುಂಚೆಯೇ ಒಮ್ಮೆ ನಿಲ್ಲಿಸಿ ಮತ್ತೆ ಒತ್ತಿಕೊಳ್ಳಬೇಕು. ಪಂಚಾಂಗದಲ್ಲಿ ರಾಹುಕಾಲವಿದೆ, ಸುಂಕಕಾಲ ಇನ್ನೂ ಸೇರಿಲ್ಲ.