ಗೇಮ್ ಕನ್ಸೋಲಿನ ಬೆಲೆಯಿಳಿಕೆ: ಒಂದು ಲಕ್ಷಣ ವಿಚಾರ

ನಿನ್ನೆ ಹೆಚ್ಚಿದ್ದ ಬೆಲೆ ಇವತ್ತು ಕಡಿಮೆಯಾದರೆ ಅದು ಬೆಲೆಯಿಳಿಕೆ ಎಂಬುದು ಪಾಮರರ ಮತ. ಈ ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ ಎರಡೂ ದೋಷಗಳು ಅಂಟಿಕೊಂಡಿರುವುದರಿಂದ, ಗ್ರಾಹಕಪ್ರಜ್ಞೆಯ ಬೆಲೆಕೇಂದ್ರಿತ ಕಥನದ ನೆಲೆಯಲ್ಲಿ, ಜರ್ಮನಿಯ ಮಾರುಕಟ್ಟೆಯನ್ನು ಆಕರವಾಗಿಟ್ಟುಕೊಂಡು, ಇಳಿಕೆಯನ್ನು ಇಲ್ಲಿ ಐದು ವಿಧವಾಗಿ ವಿಂಗಡಿಸಲಾಗಿದೆ.

ಮೊದಲನೆಯದು ಪ್ರಾಗಭಾವ ಇಳಿಕೆ. ನಿಂಟೆಂಡೊ ಗೇಮ್‌ಕ್ಯೂಬ್ 2002ರ ಮೇ 3ರಂದು ಯುರೋಪಿನ ಅಂಗಡಿಗಳಿಗೆ ಬರುವ ಮುನ್ನವೇ 249 ಯೂರೋದಿಂದ 199ಕ್ಕೆ ಇಳಿದಿತ್ತು. ಯಾರೂ ಕೊಡದ ಬೆಲೆಯನ್ನು ಇಳಿಸುವುದು ಮೊಲದ ಕೊಂಬನ್ನು ಮೊಟಕುಗೊಳಿಸಿದಂತೆ ಎಂದು ಪೂರ್ವಪಕ್ಷ. ಜನ ಮಾತ್ರ ಖುಷಿಯಾಗಿ ಕೊಂಡರು.

ಎರಡನೆಯದು ಪ್ರಾಯಶ್ಚಿತ್ತ ಇಳಿಕೆ. ಅದೇ ವರ್ಷದ ಮಾರ್ಚ್ 14ಕ್ಕೆ 479 ಯೂರೋಗೆ ಬಂದ ಎಕ್ಸ್‌ಬಾಕ್ಸ್ ಆರೇ ವಾರಗಳಲ್ಲಿ 299ಕ್ಕೆ ಬಿತ್ತು. ಆತುರಪಟ್ಟು ಕೊಂಡವರಿಗೆ ಶಾಂತಿಯೆಂದು ಎರಡು ಗೇಮ್, ಒಂದು ಕಂಟ್ರೋಲರ್ ದಾನ.

ಮೂರನೆಯದು ಕೃಶಕಾಯ ಇಳಿಕೆ. 2007ರಲ್ಲಿ 599 ಯೂರೋ ಇದ್ದ ಪ್ಲೇಸ್ಟೇಷನ್ 3, 2009ರ ಆಗಸ್ಟ್‌ನಲ್ಲಿ ಕಲೋನಿನ ಗೇಮ್ಸ್‌ಕಾಮ್ ಮೇಳದಲ್ಲಿ ಮೈ ಇಳಿಸಿಕೊಂಡು 299ಕ್ಕೆ ನಿಂತಿತು. ಇಳಿದದ್ದು ಬೆಲೆಯೋ ಯಂತ್ರವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ನಾಲ್ಕನೆಯದು ತೆರಿಗೆದಾನ. ಬೆಲೆಯಲ್ಲಿ ಸೇರಿರುವ ಶೇ 19ರ ತೆರಿಗೆ ನಿಮಗೆ ಉಡುಗೊರೆ ಎಂದು ಎಲೆಕ್ಟ್ರಾನಿಕ್ಸ್ ಅಂಗಡಿ ಮೀಡಿಯಾಮಾರ್ಕ್ಟ್ ಆಗಾಗ ಸಾರುತ್ತದೆ. ಬೋರ್ಡಿನಲ್ಲಿ ಆಳೆತ್ತರದ ಅಕ್ಷರ, ಪಕ್ಕದಲ್ಲೊಂದು ನಕ್ಷತ್ರ, ಕೆಳಗೆ ಇರುವೆ ಸಾಲು: ಸಿಗುವ ರಿಯಾಯಿತಿ ಶೇ 15.966. ಗಣಿತ ಸರಿಯಾಗಿಯೇ ಇದೆ. 499.99ರ ಯಂತ್ರ 420.16ಕ್ಕೆ ಬರುತ್ತದೆ. ಮನಸ್ಸಿನಲ್ಲಿ ಉಳಿಯುವುದು ಮಾತ್ರ ಹತ್ತೊಂಬತ್ತು.

ಇನ್ನು ಶಾಸ್ತ್ರಪ್ರಮಾಣ. ಇಳಿಕೆ ಎಂದು ಸಾರುವ ಅಂಗಡಿ ಹಿಂದಿನ 30 ದಿನಗಳ ಕನಿಷ್ಠ ಬೆಲೆಯನ್ನೂ ತೋರಿಸಬೇಕೆಂದು 2022ರ ಮೇ 28ರಿಂದ ಜರ್ಮನಿಯಲ್ಲಿ ನಿಯಮವಿದೆ. ದಿನಸಿ ಅಂಗಡಿ ಆಲ್ಡಿ ಸೂಡ್‌ನ ಬಾಳೆಹಣ್ಣು, ಅನಾನಸಿನ ಜಾಹೀರಾತು ಯುರೋಪಿಯನ್ ನ್ಯಾಯಾಲಯದವರೆಗೆ ಹೋಗಿ, ಶೇಕಡಾವಾರನ್ನೂ ಆ ಕನಿಷ್ಠ ಬೆಲೆಯ ಮೇಲೆಯೇ ಲೆಕ್ಕ ಹಾಕಬೇಕೆಂದು 2024ರ ಸೆಪ್ಟೆಂಬರ್‌ನಲ್ಲಿ ತೀರ್ಪಾಯಿತು. ಒಳ್ಳೆಯದೇ. ಆದರೆ ತಯಾರಕರ ಶಿಫಾರಸು ಬೆಲೆಯ ಜೊತೆ ಹೋಲಿಸಿ ಕಡಿಮೆ ಎಂದರೆ ಈ ನಿಯಮ ತಾಗುವುದಿಲ್ಲ. ಕನ್ಸೋಲುಗಳಿಗೆ ಶಿಫಾರಸು ಬೆಲೆ ಇದ್ದೇ ಇರುತ್ತದೆ!

ಐದನೆಯ ವಿಧ ಯಾವುದೆಂದು ನನಗೀಗ ಬೇಕಾಗಿಲ್ಲ. ಯಾವ ಇಳಿಕೆಯ ಬಗ್ಗೆ ಇಷ್ಟೆಲ್ಲ ವಾದ? ಡಿಸ್ಕ್ ಇಲ್ಲದ ಪ್ಲೇಸ್ಟೇಷನ್ 5ಕ್ಕೆ 2020ರಲ್ಲಿ 399.99 ಯೂರೋ. 2022ರಲ್ಲಿ 449.99. ಹಣದುಬ್ಬರ, ವಿನಿಮಯ ದರ ಎಂದರು ಸೋನಿಯವರು. 2025ರ ಏಪ್ರಿಲ್‌ನಲ್ಲಿ 499.99. ಯಂತ್ರ ಹಳತಾದಷ್ಟೂ ತುಟ್ಟಿ! ಇದರ ಮೇಲೆ ಹಬ್ಬದ ವಾರ 50 ಯೂರೋ ಬಿಟ್ಟರೆ ಅದಕ್ಕೊಂದು ಕೆಂಪು ಚೀಟಿ, ಅದು ತಾತ್ಕಾಲಿಕ ಕೊಡುಗೆಯೋ ನಿಜವಾದ ಇಳಿಕೆಯೋ ಎಂದು ಪಂಡಿತರ ಕಚ್ಚಾಟ.

ಕೈಯಲ್ಲಿ ಕಾಸಿಲ್ಲದವರಿಗೆ ಇದ್ದದ್ದು ಒಂದೇ ರಿಯಾಯಿತಿ, ಕಾಯುವುದು. ಪ್ಲೇಸ್ಟೇಷನ್ 3ಕ್ಕೆ ನಾಲ್ಕು ವರ್ಷ ಕಾದವರಿಗೆ 2011ರಲ್ಲಿ ಅದು 249ಕ್ಕೆ ಸಿಕ್ಕಿತು. ಸ್ವಲ್ಪ ತಡೆದುಕೋ, ಇಳಿಯುತ್ತೆ ಎಂದು ಅಪ್ಪ ಮಗಳಿಗೆ ಧೈರ್ಯವಾಗಿ ಹೇಳಬಹುದಿತ್ತು. 2020ರಲ್ಲಿ ಹಾಗೆ ಹೇಳಿದ ಅಪ್ಪನಿಗೆ ಐದು ವರ್ಷದ ತಾಳ್ಮೆಗೆ ನೂರು ಯೂರೋ ದಂಡ ಬಿತ್ತು, ಮನೆಯಲ್ಲಿ ಸುಳ್ಳುಗಾರನೆಂಬ ಹೆಸರು ಬೇರೆ.