ಮಡಿ ಮಾಡಿದ ಕುಣಿತ

ಬಾಲ್‌ರೂಮ್ ನೃತ್ಯಸ್ಪರ್ಧೆಯಲ್ಲಿ ಎರಡು ಪಂಗಡ. ಒಂದು ಸ್ಟ್ಯಾಂಡರ್ಡ್, ಇನ್ನೊಂದು ಲ್ಯಾಟಿನ್. ತಲಾ ಐದು ನೃತ್ಯ. ಟ್ಯಾಂಗೋ ಹುಟ್ಟಿದ್ದು ದಕ್ಷಿಣ ಅಮೆರಿಕದಲ್ಲಿ. ಅದು ಲ್ಯಾಟಿನ್ ಅಲ್ಲವಂತೆ. ಜೈವ್‌ನ ಬೇರು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. ಅದು ಲ್ಯಾಟಿನ್ ಅಂತೆ.

ಭೂಪಟ ನೋಡಲು ಬಾರದವರ ಪಟ್ಟಿ ಎಂದು ಸುಮ್ಮನಾಗಬಹುದಿತ್ತು. ಆದರೆ ಇದನ್ನು ಮಾಡಿದವರು ಕಾಲು ಭೂಪಟವನ್ನು ಆಳುತ್ತಿದ್ದ ಬ್ರಿಟಿಷರು. ಅವರು ಊರು ನೋಡಿ ವಿಂಗಡಿಸಲಿಲ್ಲ, ಮಡಿ ನೋಡಿ ವಿಂಗಡಿಸಿದರು. ಯಾವುದನ್ನು ಮೊದಲು ಒಗೆದು ಒಣಗಿಸಿದರೋ ಅದು ಸ್ಟ್ಯಾಂಡರ್ಡ್. ಇನ್ನೂ ಸ್ವಲ್ಪ ಬೆವರು ನಾರುತ್ತಿದ್ದದ್ದು ಲ್ಯಾಟಿನ್.

ವಾಲ್ಟ್ಜ್‌ನಿಂದಲೇ ಶುರುಮಾಡೋಣ. ಆಸ್ಟ್ರಿಯಾ ಮತ್ತು ದಕ್ಷಿಣ ಜರ್ಮನಿಯ ಹಳ್ಳಿಗರ ಕುಣಿತ. ಗಂಡು ಹೆಣ್ಣು ಒಬ್ಬರನ್ನೊಬ್ಬರು ಹಿಡಿದು ಗಿರಗಿರ ತಿರುಗುವುದು, ಅಷ್ಟೇ. 1816ರ ಜುಲೈಯಲ್ಲಿ ಇಂಗ್ಲೆಂಡಿನ ಪ್ರಿನ್ಸ್ ರೀಜೆಂಟ್ ಕೊಟ್ಟ ಕೂಟದಲ್ಲಿ ಇದು ಕಾಣಿಸಿಕೊಂಡಿತು. ‘ದಿ ಟೈಮ್ಸ್’ ಪತ್ರಿಕೆ ಕೆಂಡವಾಯಿತು. ಅಸಭ್ಯ, ಪರದೇಶಿ, ಹೆಣ್ಣು ಹೆತ್ತವರೇ ಎಚ್ಚರ ಎಂದು ಬುದ್ಧಿ ಹೇಳಿತು. ಆ ರಾಜಕುಮಾರನ ಸಾಲಗಳು ಎಷ್ಟು, ಪ್ರೇಯಸಿಯರು ಎಷ್ಟು ಎಂಬುದು ಇಡೀ ಲಂಡನ್ನಿನ ಬಾಯಲ್ಲಿತ್ತು. ಅಂದು ಸಂಪಾದಕರ ಕಣ್ಣಿಗೆ ಬಿದ್ದದ್ದು ಮಾತ್ರ ಸೊಂಟದ ಮೇಲಿನ ಕೈ.

ಅದಕ್ಕೂ ಮೂರು ವರ್ಷ ಮೊದಲೇ ಸುಳ್ಳು ಹೆಸರಿನಲ್ಲಿ ವಾಲ್ಟ್ಜನ್ನು ಜರೆದು ಪದ್ಯ ಬರೆದಿದ್ದವನು ಲಾರ್ಡ್ ಬೈರನ್. ಹೌದು, ಅದೇ ಬೈರನ್. ಪತ್ರಿಕೆ ವಾಲ್ಟ್ಜ್ ಮೇಲೆ ಕಿಡಿಕಾರಿದ 1816ರಲ್ಲೇ, ಸಂಸಾರ ಮುರಿದುಕೊಂಡು, ಹಗರಣಗಳ ಗಂಟು ಹೊತ್ತು, ಮತ್ತೆಂದೂ ತಿರುಗಿಬಾರದಂತೆ ದೇಶ ಬಿಟ್ಟವನು. ಇಂಥವರೇ ಹೆಣ್ಣುಮಕ್ಕಳ ಮಾನ ಕಾಯಲು ನಿಲ್ಲುವುದು.

1838ರಲ್ಲಿ ವಿಕ್ಟೋರಿಯಾಳ ಪಟ್ಟಾಭಿಷೇಕ. ವಾಲ್ಟ್ಜ್ ನುಡಿಸಲು ವಿಯೆನ್ನಾದಿಂದ ಹಿರಿಯ ಯೋಹಾನ್ ಸ್ಟ್ರಾಸ್ ತನ್ನ ವಾದ್ಯತಂಡದೊಂದಿಗೆ ಬಂದ. ಅಸಭ್ಯ ಎನಿಸಿಕೊಂಡದ್ದು ಅರಮನೆಗೆ ಸಲ್ಲಲು ಬೇಕಾದದ್ದು ಇಪ್ಪತ್ತೆರಡು ವರ್ಷ.

ಟ್ಯಾಂಗೋ ಕಥೆ ಇನ್ನೂ ಸೊಗಸು. ಬ್ಯೂನಸ್ ಐರಿಸ್ ಮತ್ತು ಮಾಂಟೆವಿಡಿಯೊ ನಗರಗಳ ಹೊರವಲಯದಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯರ ಮಕ್ಕಳು, ಹೊಟ್ಟೆಪಾಡಿಗೆ ಹಡಗು ಹತ್ತಿ ಬಂದ ಇಟಲಿಯವರು, ಕಸಾಯಿಖಾನೆಯ ಕೂಲಿಗಳು ಕೂಡಿ ಕಟ್ಟಿದ ಕುಣಿತ ಅದು. ಅರ್ಜೆಂಟೀನಾದ ಶ್ರೀಮಂತರಿಗೆ ಹೇಸಿಗೆಯಾಗಿತ್ತು. ಹಗಲಿನಲ್ಲಿ. ರಾತ್ರಿ ಅವರ ಗಂಡುಮಕ್ಕಳು ಅದೇ ಕೇರಿಗೆ ಹೋಗಿ ಕಲಿತು ಬರುತ್ತಿದ್ದರು. ಆ ಮಕ್ಕಳಲ್ಲಿ ಕೆಲವರು ಪ್ಯಾರಿಸ್‌ಗೆ ಹೋದರು, ಅಲ್ಲಿ ಕುಣಿದು ತೋರಿಸಿದರು. 1913ರ ಹೊತ್ತಿಗೆ ಪ್ಯಾರಿಸ್‌ಗೆ ಹುಚ್ಚು ಹಿಡಿದಿತ್ತು. ಟ್ಯಾಂಗೋ ಚಹಾಕೂಟ, ಟ್ಯಾಂಗೋ ಉಡುಪು, ಟ್ಯಾಂಗೋ ಬಣ್ಣ.

ಪ್ಯಾರಿಸ್ಸೇ ಒಪ್ಪಿದ ಮೇಲೆ ಬ್ಯೂನಸ್ ಐರಿಸ್‌ನ ದೊಡ್ಡಮನೆಗಳಿಗೂ ಜ್ಞಾನೋದಯವಾಯಿತು. ಹಿತ್ತಲಿನಿಂದ ಹೊರಗಟ್ಟಿದ್ದನ್ನು ಮುಂಬಾಗಿಲಿಗೆ ತೋರಣ ಕಟ್ಟಿ ಒಳಕರೆದರು. ದೇವದಾಸಿಯರನ್ನು ಅಟ್ಟಿ, ಅವರ ಸದಿರ್ ನೃತ್ಯವನ್ನು ತೊಳೆದು, ಭರತನಾಟ್ಯವೆಂದು ಸಭಾಂಗಣಕ್ಕೆ ತಂದ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜರ್ಮನಿಯ ಕೈಸರ್ ಎರಡನೇ ವಿಲ್ಹೆಲ್ಮ್ ಮಾತ್ರ ಬಗ್ಗಲಿಲ್ಲ. ಸಮವಸ್ತ್ರ ತೊಟ್ಟ ಅಧಿಕಾರಿಗಳು ಟ್ಯಾಂಗೋ ಕುಣಿಯಕೂಡದೆಂದು 1913ರಲ್ಲಿ ಅಪ್ಪಣೆ ಹೊರಡಿಸಿದ. 1914ರ ಜನವರಿಯಲ್ಲಿ ರೋಮ್‌ನ ಕಾರ್ಡಿನಲ್ ಪೊಂಪಿಲಿ ಕೂಡ ಧ್ವನಿಗೂಡಿಸಿದರು. ಏಳೇ ತಿಂಗಳು. ಆಗಸ್ಟಿನಲ್ಲಿ ಅದೇ ಸಮವಸ್ತ್ರ ಬೆಲ್ಜಿಯಂಗೆ ನುಗ್ಗಿತು. ತಬ್ಬಿದರೆ ಸಮವಸ್ತ್ರಕ್ಕೆ ಕಳಂಕ, ಇರಿದರೆ ಪದಕ.

ರಿಯೊ ಡಿ ಜನೈರೊದಲ್ಲಿ ಪೊಲೀಸರಿಗೆ ಕಳಂಕ ಕಂಡದ್ದು ತಮಟೆಯಂಥ ಒಂದು ಪುಟ್ಟ ವಾದ್ಯದಲ್ಲಿ. ಹೆಸರು ಪಾಂಡೇರು, ಸಾಂಬಾ ನುಡಿಸುವವರ ವಾದ್ಯ. ಅದನ್ನು ಕೈಯಲ್ಲಿ ಹಿಡಿದ ಕರಿಯ ಪೋಲಿ ಎಂದೇ ಲೆಕ್ಕ. 1908ರಲ್ಲಿ ಜೊವಾಂವ್ ದ ಬಯಾನಾ ಎಂಬ ವಾದ್ಯಗಾರನ ಪಾಂಡೇರು ಜಪ್ತಿಯಾಯಿತು. ಪಿಣ್ಯೇರು ಮಶಾದು ಎಂಬ ಪ್ರಭಾವಿ ಸೆನೆಟರ್ ಮನೆಯ ಕೂಟಕ್ಕೆ ಅವನು ಬರಬೇಕಿತ್ತು, ಬರಲಿಲ್ಲ. ಕಾರಣ ತಿಳಿದ ಸೆನೆಟರ್ ಹೊಸದೊಂದನ್ನು ಕೊಡಿಸಿ, ಮೇಲೆ ತಮ್ಮ ಹೆಸರು ಬರೆಸಿಕೊಟ್ಟರು. ಆಮೇಲೆ ಅದನ್ನು ಮುಟ್ಟಲು ಪೊಲೀಸರಿಗೆ ಧೈರ್ಯ ಬರಲಿಲ್ಲ. ಕಾನೂನು ಬದಲಿಸಬಲ್ಲವರು ಸೆನೆಟರ್. ಬದಲಿಸಿದ್ದು ವಾದ್ಯವನ್ನು. ಮೂರು ದಶಕ ಕಳೆಯುವಷ್ಟರಲ್ಲಿ, ವಾರ್ಗಸ್ ಸರ್ಕಾರದ ಕಾಲಕ್ಕೆ, ಸಾಂಬಾ ಬ್ರೆಜಿಲ್‌ನ ರಾಷ್ಟ್ರೀಯ ಹೆಮ್ಮೆಯಾಗಿತ್ತು.

ಕ್ಯೂಬಾದ ರುಂಬಾಕ್ಕೆ ಹೆಸರೊಂದೇ ಉಳಿಯಿತು. ಹವಾನಾ, ಮತಾನ್ಸಾಸ್‌ಗಳ ಬಂದರುಕೂಲಿಗಳು ಪೆಟ್ಟಿಗೆ ಬಡಿದು ಕುಣಿದ ರುಂಬಾ ಬೇರೆ, ಇಂದು ಸ್ಪರ್ಧೆಯಲ್ಲಿ ಕಾಣುವುದು ಬೇರೆ. 1930ರಲ್ಲಿ ಡಾನ್ ಅಸ್ಪಿಯಾಸು ತಂಡ ನ್ಯೂಯಾರ್ಕಿನಲ್ಲಿ ಧ್ವನಿಮುದ್ರಿಸಿದ ‘ಎಲ್ ಮನಿಸೆರೊ’ ಸೋನ್ ಜಾತಿಯ ಹಾಡು. ಮಾರುವವರು ರುಂಬಾ ಎಂದು ಮಾರಿದರು. ಕೊಳ್ಳುವವರು ಕೇಳಲಿಲ್ಲ. ಆಮೇಲೆ, ಕ್ಯೂಬಾದ ಅಸಲಿ ರುಂಬಾ ಯಾವುದೆಂದು ಲಂಡನ್ನಿನ ಮೇಷ್ಟ್ರುಗಳು ವರ್ಷಗಟ್ಟಲೆ ಕಿತ್ತಾಡಿದರು.

ಈ ಮೇಷ್ಟ್ರುಗಳದೇ ಒಂದು ದೊಡ್ಡ ದರ್ಬಾರು. 1904ರಲ್ಲೇ ಅವರು ಸಂಘ ಕಟ್ಟಿಕೊಂಡರು. ಅದಕ್ಕೆ ‘ಇಂಪೀರಿಯಲ್’ ಎಂಬ ಬಿರುದು ಬೇರೆ. 1920ರ ದಶಕದಲ್ಲಿ ಸಭೆ ಮೇಲೆ ಸಭೆ ಸೇರಿ ಯಾವ ಹೆಜ್ಜೆ ಸಭ್ಯ, ಯಾವುದು ವಿಕಾರ ಎಂದು ಗೊತ್ತುಪಡಿಸಿದರು. ನಿಮಿಷಕ್ಕೆ ಎಷ್ಟು ತಾಳ ಎಂಬುದೂ ನಿಗದಿಯಾಯಿತು. ಕುಣಿತ ಹುಟ್ಟಿಸಿದ ಕೇರಿಯವರು ಬಂದಿದ್ದರೆ ಪರೀಕ್ಷೆಯಲ್ಲಿ ನಪಾಸಾಗುತ್ತಿದ್ದರು.

ಅಮೆರಿಕದಲ್ಲಿ ಇಷ್ಟೂ ನಾಜೂಕು ಇರಲಿಲ್ಲ. ಹಾರ್ಲೆಮ್‌ನ ಕಾಟನ್ ಕ್ಲಬ್ಬಿನಲ್ಲಿ ಕುಣಿಯುವವರು ಕರಿಯರು, ಕೂತು ನೋಡುವವರು ಬಿಳಿಯರು. ಹಾರ್ಲೆಮ್ ಆಗ ಕರಿಯರದೇ ಕೇರಿ ಎಂಬುದನ್ನು ನೆನಪಿಡಿ. ತಮ್ಮ ಬೀದಿಯಲ್ಲೇ, ತಮ್ಮ ಕುಣಿತಕ್ಕೇ ಅವರಿಗೆ ಟಿಕೆಟ್ ಇರಲಿಲ್ಲ.

ಇಂದು ಬಿಳಿಯ ಸ್ಪರ್ಧಿಗಳು ಲ್ಯಾಟಿನ್ ಸುತ್ತಿಗೆ ಇಳಿಯುವ ಮುನ್ನ ಏನು ಮಾಡುತ್ತಾರೆ ಗೊತ್ತೆ? ಮೈಗೆಲ್ಲ ಕಂದುಬಣ್ಣ ಬಳಿದುಕೊಳ್ಳುತ್ತಾರೆ. ಬಣ್ಣ ಬೇಕು, ಬಾಟಲಿಯಲ್ಲಿ ಸಿಗುವುದಾದರೆ. ಮನೆಗೆ ಹೋಗಿ ಸೋಪು ಹಚ್ಚುತ್ತಿದ್ದರೆ ಕ್ರಮೇಣ ಹೋಗುತ್ತದೆ. ಆ ಸೌಕರ್ಯ ಜೊವಾಂವ್‌ಗೆ ಇರಲಿಲ್ಲ.

2009ರಲ್ಲಿ ಟ್ಯಾಂಗೋ, 2016ರಲ್ಲಿ ಕ್ಯೂಬಾದ ರುಂಬಾ ಯುನೆಸ್ಕೊ ಪಟ್ಟಿ ಸೇರಿದವು. ಮನುಕುಲದ ಪರಂಪರೆಯಂತೆ. ಅಂತೂ ವಾರಸುದಾರರು ಇಡೀ ಮನುಕುಲ.

ಬಾಲ್‌ರೂಮ್ ಸ್ಪರ್ಧೆಗಳ ಜಾಗತಿಕ ಒಕ್ಕೂಟಕ್ಕೆ ಉಳಿದಿದ್ದ ಆಸೆ ಒಂದೇ, ಒಲಿಂಪಿಕ್ಸ್. ನೃತ್ಯವನ್ನು ಕ್ರೀಡೆ ಎಂದು ಕರೆದು 1997ರಲ್ಲಿ ಒಲಿಂಪಿಕ್ ಸಮಿತಿಯ ಮಾನ್ಯತೆ ಪಡೆದದ್ದಾಯಿತು. ಕೋಟು ಇಸ್ತ್ರಿ ಮಾಡಿಸಿ ಕಾದದ್ದಾಯಿತು. ಕಡೆಗೆ 2024ರಲ್ಲಿ ಪ್ಯಾರಿಸ್‌ನ ಬಾಗಿಲು ತೆರೆದದ್ದು ಬ್ರೇಕಿಂಗ್‌ಗೆ. ನ್ಯೂಯಾರ್ಕಿನ ಬ್ರಾಂಕ್ಸ್‌ನ ಬಡ ಹುಡುಗರು ನೆಲದ ಮೇಲೆ ಉರುಳಿ ತಿರುಗಿ ಕಟ್ಟಿದ ಕುಣಿತಕ್ಕೆ. ಅದನ್ನು ಒಲಿಂಪಿಕ್ಸ್‌ನಲ್ಲಿ ನಡೆಸಿಕೊಟ್ಟವರು ಯಾರು? ಅದೇ ಬಾಲ್‌ರೂಮ್ ಒಕ್ಕೂಟ. ನಿಯಮ ಬರೆದಾಯಿತು, ತೀರ್ಪುಗಾರರು ಕೂತರು, ಅಂಕಪಟ್ಟಿ ಬಂತು.